ಹತ್ತನೆಯ ತಿರುವು

ರೇಸು ಮುಗಿದು ಎರಡು ತಾಸು. ಸಖೀರಿನ ದೀಪಗಳಿನ್ನೂ ಆರಿಲ್ಲ.
ಗುಡಿಸುವವರನ್ನು, ಕುರ್ಚಿ ಮಡಚುವವರನ್ನು ತುಂಬಿಕೊಂಡು
ನನ್ನ ಬಸ್ಸು ಸಿತ್ರದ ಕ್ಯಾಂಪಿಗೆ ಹೊರಟಿದೆ.
ನಲವತ್ತೆರಡು ಸೀಟು, ಐವತ್ತು ಬಾಯಿ, ಪ್ರಶ್ನೆ ಒಂದೇ:
ಕೊವಾಲ್ ದೊಡ್ಡವನೋ, ಅಲ್ಲವೋ.

ಆರು ಸಲ ಚಾಂಪಿಯನ್, ಎನ್ನುತ್ತಾನೆ ಲಿಗೋರಿ,
ಸ್ಟೋರಿನ ಲೆಕ್ಕ ಬರೆಯುವವ, ಬೆರಳು ಮಡಚುತ್ತ.
ಆರೂ ಕಾರಿನದು, ಎಂದಿತು ಹಿಂದಿನ ಸೀಟು,
ಅದರಲ್ಲಿ ನನ್ನಜ್ಜಿಯನ್ನು ಕೂರಿಸು, ಅವಳೂ ಗೆಲ್ಲುತ್ತಾಳೆ.
ಅಜ್ಜಿಗೆ ಕಣ್ಣು ಕಾಣುವುದಿಲ್ಲವಲ್ಲೋ?
ಕಾಣಬೇಕೆಂದೇ ಇಲ್ಲ, ಅಂಥ ಕಾರು!
ದುವಾರ್ತೆಯ ತಗಡು ಡಬ್ಬಿಯಲ್ಲಿ ಕೂತು
ಮೂರನೆಯವನಾಗಲಿ ನಿನ್ನ ಕೊವಾಲ್, ಆಮೇಲೆ ಮಾತಾಡೋಣ.

ಕುಣಿಯಲಾರದವಳು ಅಂಗಳ ಡೊಂಕೆಂದಳು, ಸರಿ.
ಅಂಗಳ ನೆಟ್ಟಗಿದ್ದ ದಿನ
ಕುಣಿದವಳ ಕಾಲಿಗೆ ಲೆಕ್ಕವೇ ಇಲ್ಲವೇ?
ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಸಿಗ್ನಲ್ ಬಂತು,
ಗೇರು ಇಳಿಸಬೇಕಾಯಿತು.

ಜಾರಪ್ಪ ಕಂಬಳದ ಮಾತು ತೆಗೆದ.
ಅವನ ಮಾವ ಹದಿನೇಳು ವರ್ಷ ಕೋಣ ಓಡಿಸಿದವನಂತೆ.
ಗೆದ್ದಾಗ ಮೈಕಿನಲ್ಲಿ ಯಜಮಾನರ ಹೆಸರು,
ಸೋತಾಗ ಮಾವನದು.
ಕೋಣ ಓಡಿತೋ, ಮಾವ ಓಡಿದನೋ, ಹೇಳಿ ನೋಡುವ?
ಮಾವನಿಗೆ ಈಗ ಮಂಡಿ ಮಡಚುವುದಿಲ್ಲ,
ಎಂದು ತಾನೇ ಹೇಳಿ ಕಿಟಕಿಯತ್ತ ತಿರುಗಿದ.

ನನಗೆ ತಿಳಿದ ಅಳತೆ ಒಂದೇ.
ಈ ಬಸ್ಸಿಗೆ ಎರಡು ಪಾಳಿ, ಇಬ್ಬರು ಡ್ರೈವರು.
ಹಗಲಿನವ ಎದ್ದುಹೋದ ಸೀಟಿನಲ್ಲಿ ಸಂಜೆ ಕೂತರೆ
ಕ್ಲಚ್ಚೇ ಹೇಳುತ್ತದೆ ಅವನಿಗೆಷ್ಟು ಸಿಟ್ಟಿತ್ತೆಂದು.
ಅದೇ ಬಸ್ಸು, ಅದೇ ದಾರಿ, ಡೀಸೆಲಿನಲ್ಲಿ ಏಳು ಲೀಟರ್ ಅಂತರ.
ಕೊವಾಲ್ ಎದ್ದುಹೋದ ಸೀಟಿನಲ್ಲಿ ನನ್ನನ್ನು ಯಾರು ಕೂರಿಸುತ್ತಾರೆ?
ಹಾಗಾಗಿ ನನ್ನ ತೀರ್ಪು ನನ್ನಲ್ಲೇ.

ಇವತ್ತೇ ನೋಡಲಿಲ್ಲವೇ, ಎಂದಿತು ಮತ್ತೆ ಹಿಂದಿನ ಸೀಟು,
ಹತ್ತನೆಯ ತಿರುವಿನಲ್ಲಿ, ಖಾಲಿ ದಾರಿಯಲ್ಲಿ,
ಯಾರೂ ಇಲ್ಲದಲ್ಲಿ ಹೆದರಿ ಮರಳಿಗೆ ಬಿದ್ದ.
ನಾಲ್ಕು ಸೆಕೆಂಡು ಹಿಂದಿದ್ದ ದುವಾರ್ತೆ ಗೆದ್ದ.
ವಯಸ್ಸು ಮಾರಾಯ, ವಯಸ್ಸು.

ಯಾರೂ ಇಲ್ಲದಲ್ಲಿ.

ಪರದೆಯಲ್ಲಿ ಆ ಹೊತ್ತು ಯಾರದೋ ಟೈರು ಬದಲಿಸುತ್ತಿದ್ದರು.
ಬಸ್ಸು ನಿಲ್ಲಿಸಿಕೊಂಡು ಬೇಲಿಯಾಚೆ ಕೂತಿದ್ದವನು ನಾನು.
ಅಂಗೈಯಗಲದ ಕಪ್ಪು ಚೂರೊಂದು ದಾರಿಯಲ್ಲಿ ಬಿದ್ದಿತ್ತು.
ಹೆಕ್ಕಲು ಓಡಿದವ ಉಳ್ಳಾಲದ ಹಮ್ಮಬ್ಬ.
ಅದು ಅವನ ಕೆಲಸವಲ್ಲ, ಅಲ್ಲಿ ಅವನಿರಲೇಬಾರದು.
ಹದಿನೆಂಟು ವರ್ಷ ಗುಡಿಸಿದ ಕಾಲು,
ಕಸ ಕಂಡರೆ ಅಪ್ಪಣೆ ಕೇಳುವುದಿಲ್ಲ.
ಎಂಜಿನ್ನಿನ ಸದ್ದು ಒಮ್ಮೆಲೆ ಕುಸಿಯಿತು,
ಗಂಟಲಲ್ಲಿ ಏನೋ ಸಿಕ್ಕವರ ಮಾತಿನಂತೆ.
ಮರಳೆದ್ದಿತು.
ಮರಳಿಳಿದಾಗ ಹಮ್ಮಬ್ಬ ಬೇಲಿಯ ಈಚೆಗಿದ್ದ, ಕೈಯಲ್ಲಿ ಚೂರು.
ಸೂಪರ್‌ವೈಸರಿಗೆ ತಿಳಿದಿದ್ದರೆ
ನಾಳೆಯೇ ವಿಮಾನ.

ಬೇಗ ಬ್ರೇಕ್ ಹಾಕಿದೆ, ತಪ್ಪು ನನ್ನದೇ, ಅಂದನಂತೆ ಕೊವಾಲ್,
ಮೈಕು ಹಿಡಿದವರೆದುರು,
ಹೆಲ್ಮೆಟ್ಟಿನ ಗೆರೆ ಕೆನ್ನೆಯ ಮೇಲಿನ್ನೂ ಇರುವಾಗ.

ನೀನು ಹೇಳು ಹಮ್ಮಬ್ಬಾಕ, ಎಷ್ಟು ರೇಸು ನೋಡಿದ್ದೀ ನೀನು!
ನನ್ನ ಬೆನ್ನ ಹಿಂದಿನ ಸೀಟಿನಲ್ಲಿ
ಬಾಟಲಿಯ ಮುಚ್ಚಳದ ಜೊತೆ ಆಗಿನಿಂದ ಒದ್ದಾಡುತ್ತಿದ್ದ.
ಬಾಡಿ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದ.
ದುವಾರ್ತೆಯೇ, ಎಂದ.
ಹಿಂದಿನ ಸೀಟು ಸಿಳ್ಳೆ ಹೊಡೆಯಿತು.
ಲಿಗೋರಿ ಮಡಚಿದ ಬೆರಳುಗಳನ್ನು ಒಂದೊಂದೇ ಬಿಡಿಸಿದ.

ಸಿತ್ರದ ಸೇತುವೆ, ಎರಡೂ ಬದಿ ಕಪ್ಪು ನೀರು,
ದೂರದಲ್ಲಿ ರಿಫೈನರಿಯ ಬೆಂಕಿ.
ಆಮೇಲೆ ಕ್ಯಾಂಪಿನ ಗೇಟು. ಜಗಳವಾಡುತ್ತಲೇ ಇಳಿದರು ಎಲ್ಲರೂ.

ಕೊನೆಗೆ ಹಮ್ಮಬ್ಬ,
ಒಂದು ಕಾಲು ಮೆಟ್ಟಿಲಲ್ಲಿ, ಒಂದು ನೆಲದಲ್ಲಿ,
ಬಾಟಲಿ ನನ್ನ ಕೈಗೆ ಕೊಟ್ಟ. ತೆರೆದುಕೊಟ್ಟೆ.
ಕುಡಿಯದೆ ಕೇಳಿದ, ಮೆಲ್ಲಗೆ:
ಅವನ ಕಾರಿಗೆ ತುಂಬಾ ಪೆಟ್ಟಾಯಿತಾ?